ಎರೆ ಭೂಮಿಯ ಶೇಂಗಾದಲ್ಲಿ ಕಬ್ಬಿಣದ ಕೊರತೆ: ಗುರುತಿಸುವಿಕೆ ಮತ್ತು ನಿರ್ವಹಣೆ

ಕುಂದಗೋಳ ತಾಲ್ಲೂಕಿನ ಸಂಶಿ ಸುತ್ತಲಿನ ಎರೆ ಭೂಮಿಯಲ್ಲಿ ಮುಂಗಾರಿ ಶೇಂಗಾ ಬೆಳೆಯುವ ರೈತರು, ಜಡಿಮಳೆಯ ನಂತರ ಬೆಳೆ ಹಳದಿಯಾದ ಕೂಡಲೇ ಯೂರಿಯಾ ಹಾಕಬಾರದು. ಯಾವ ಎಲೆ ಹಳದಿಯಾಗಿದೆ ಎಂಬುದನ್ನು ಮೊದಲು ಗಮನಿಸಿರಿ. ಸಾರಜನಕದ ಕೊರತೆ ಬುಡದ ಹಳೆಯ ಎಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಬ್ಬಿಣದ ಕೊರತೆಯಾದರೆ ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ತೀವ್ರವಾದಾಗ ಎಲೆ ಕಾಗದದಂತೆ ಬಿಳಿಚಿಕೊಂಡು ಅಂಚು ಸುಡುತ್ತದೆ.

ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದು ಇದರ ಅರ್ಥವಲ್ಲ. ಸುಣ್ಣದಂಶ ಹೆಚ್ಚಿರುವ, ರಸಸಾರ 8ರ ಆಸುಪಾಸಿನಲ್ಲಿರುವ ಮಣ್ಣಿನಲ್ಲಿ ಕಬ್ಬಿಣ ಕರಗದ ರೂಪದಲ್ಲಿರುತ್ತದೆ. ನೀರು ನಿಂತಾಗ ಬೇರು ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಸುಣ್ಣದೊಡನೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ. ಇದು ಬೇರು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಆದ್ದರಿಂದಲೇ ಮಣ್ಣು ಪರೀಕ್ಷೆಯಲ್ಲಿ ಕಬ್ಬಿಣ ಸಾಕಷ್ಟಿದೆ ಎಂದು ಬಂದ ಹೊಲದಲ್ಲೂ ಬೆಳೆ ಹಳದಿಯಾಗಬಹುದು. ಬೇರುಗಂಟುಗಳಿಗೂ ಕಬ್ಬಿಣ ಅಗತ್ಯವಾದ್ದರಿಂದ, ಕೊರತೆ ಮುಂದುವರಿದರೆ ಸಾರಜನಕ ಸ್ಥಿರೀಕರಣವೂ ಕುಂಠಿತಗೊಳ್ಳುತ್ತದೆ.

ಅನುಮಾನವಿದ್ದರೆ ನಾಲ್ಕು ಸಾಲುಗಳಿಗೆ ಮಾತ್ರ ಸಿಂಪಡಿಸಿ, ಒಂದು ವಾರ ಕಾಯಿರಿ. ಆ ಸಾಲುಗಳಲ್ಲಿ ಹಸಿರು ಮರಳಿದರೆ ಕೊರತೆ ಕಬ್ಬಿಣದ್ದೇ. ಪ್ರತಿ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಗೂ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಎಳೆಯ ಎಲೆಗಳು ಚೆನ್ನಾಗಿ ತೋಯುವಂತೆ ಸಂಜೆ ಸಿಂಪಡಿಸಬೇಕು. 10 ದಿನಗಳ ಅಂತರದಲ್ಲಿ ಎರಡು ಅಥವಾ ಮೂರು ಬಾರಿ. ಅನ್ನಭೇದಿ ತಿಳಿಹಸಿರು ಹರಳಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ ಪುಡಿಯನ್ನು ಕೊಳ್ಳಬೇಡಿ, ಹಿಂದಿನ ದಿನದ ದ್ರಾವಣವನ್ನೂ ಬಳಸಬೇಡಿ. ಇಂತಹ ಮಣ್ಣಿಗೆ ಅನ್ನಭೇದಿಯನ್ನು ಹಾಗೆಯೇ ಎರಚಿದರೆ ಅದು ಬೇಗನೆ ಕರಗದ ರೂಪಕ್ಕೆ ತಿರುಗುತ್ತದೆ, ಹಣ ವ್ಯರ್ಥ.

ಸಿಂಪರಣೆ ತಾತ್ಕಾಲಿಕ ಉಪಾಯ. ಪ್ರತಿ ವರ್ಷ ಒಂದೇ ತಗ್ಗಿನಲ್ಲಿ ಬೆಳೆ ಹಳದಿಯಾಗುತ್ತಿದ್ದರೆ ಅಲ್ಲಿ ಬಸಿಗಾಲುವೆ ತೆಗೆದು ನೀರು ಹೊರಹಾಕಿರಿ. ಟಿ.ಎಂ.ವಿ.-2 ತಳಿ ಈ ಕೊರತೆಗೆ ಬೇಗ ತುತ್ತಾಗುತ್ತದೆ, ಐ.ಸಿ.ಜಿ.ವಿ. 86031 ತಡೆದುಕೊಳ್ಳುತ್ತದೆ.

ಸತುವಿನ ಮಾತೇ ಬೇರೆ. ಅದನ್ನು ಮಣ್ಣಿಗೇ ಕೊಡಬಹುದು. ಪರೀಕ್ಷೆಯಲ್ಲಿ ಪ್ರತಿ ಕಿಲೋ ಮಣ್ಣಿಗೆ 0.6 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಬಿತ್ತನೆಗೆ ಮುಂಚೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಹಾಕಿರಿ, ಡಿಎಪಿಯೊಡನೆ ಬೆರೆಸದೆ. ಹೂ ಬಿಟ್ಟು ಸೂಜಿಗಳು ಮಣ್ಣಿಗಿಳಿಯುವ ಮುನ್ನ ಎಕರೆಗೆ 2 ಕ್ವಿಂಟಲ್ ಜಿಪ್ಸಂ ಸಾಲಿನ ಪಕ್ಕದಲ್ಲಿ ಕೊಟ್ಟು ಮಣ್ಣು ಏರಿಸಬೇಕು. ಸುಣ್ಣವಿರುವ ಎರೆಯಲ್ಲಿ ಅದರಿಂದ ಮುಖ್ಯವಾಗಿ ದೊರೆಯುವುದು ಗಂಧಕ. ಮಣ್ಣಿನ ಮಾದರಿಯನ್ನು 15 ಸೆಂ.ಮೀ. ಆಳದವರೆಗೆ ತೆಗೆಯಿರಿ. ಸತು ಲೇಪಿತ ಬಕೆಟ್ ಬಳಸದೆ ಪ್ಲಾಸ್ಟಿಕ್ ಬುಟ್ಟಿ ಬಳಸಬೇಕು.