ಇಂಗಾಲದ ಡೈಆಕ್ಸೈಡ್‌ನಿಂದ ಸೌರ ಇಂಧನ

ಬಿಸಿಲಿನ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಒಡೆದು, ನೀರಿನ ಹೈಡ್ರೋಜನ್ ಕೂಡಿಸಿ ಮೆಥನಾಲ್, ಸೀಮೆಎಣ್ಣೆಯಂಥ ಇಂಧನ ತಯಾರಿಸುವ ವಿಧಾನ. ಇಂಗಾಲದ ಡೈಆಕ್ಸೈಡ್ ಎಂದರೆ ಪೂರ್ತಿ ಉರಿದು ಮುಗಿದ ಇಂಗಾಲ. ಅದರ ಬಂಧಗಳನ್ನು ಬಿಡಿಸಲು ಅಪಾರ ಶಕ್ತಿ ಬೇಕು. ಈ ವಿಧಾನದ ಇತಿಹಾಸ ನಿಧಾನವಾಗಿ ಸಾಗಿದ್ದಕ್ಕೆ ಮುಖ್ಯ ಕಾರಣ ಇದೇ.

ಇಟಲಿಯ ಬೊಲೋನ್ಯದ ರಸಾಯನವಿಜ್ಞಾನಿ ಜಾಕೊಮೊ ಚಾಮಿಚಾನ್ ತಮ್ಮ ಪ್ರಯೋಗಶಾಲೆಯ ತಾರಸಿಯ ಮೇಲೆ ಗಾಜಿನ ಪಾತ್ರೆಗಳನ್ನು ಸಾಲಾಗಿ ಬಿಸಿಲಿಗಿಟ್ಟು ಬೆಳಕಿನ ಕ್ರಿಯೆಗಳನ್ನು ಅಭ್ಯಸಿಸುತ್ತಿದ್ದರು. ಕಲ್ಲಿದ್ದಲು ಮುಗಿದುಹೋಗುವಂಥದ್ದು, ಮುಂದಿನ ಕೈಗಾರಿಕೆ ಬಿಸಿಲನ್ನೇ ನೆಚ್ಚಬೇಕು ಎಂದು ಅವರು 1912ರಲ್ಲಿ ನ್ಯೂಯಾರ್ಕ್‌ನಲ್ಲಿ ವಾದಿಸಿದರು. ಆ ಕಾಲಕ್ಕೆ ಅದು ಧೀರ ದೂರದೃಷ್ಟಿ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬೀರಿ ನೀರನ್ನು ಒಡೆದರು. 1978ರಲ್ಲಿ ಇಸ್ರೇಲಿನ ಮಾರ್ಟಿನ್ ಹಾಲ್ಮನ್ ಗ್ಯಾಲಿಯಂ ಫಾಸ್ಫೈಡ್ ಬಳಸಿ ಇಂಗಾಲದ ಡೈಆಕ್ಸೈಡ್‌ನಿಂದ ಫಾರ್ಮಿಕ್ ಆಮ್ಲ ಮತ್ತು ಮೆಥನಾಲ್ ಪಡೆದರು. ಮರುವರ್ಷ ಫುಜಿಶಿಮಾ ತಂಡ ಅರೆವಾಹಕ ಪುಡಿಗಳನ್ನು ನೀರಿನಲ್ಲಿ ಕದಡಿ ಇದೇ ಕೆಲಸ ಮಾಡಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಈ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕಗಳ ಸಂಶೋಧನೆ ನಡೆದಿದೆ.

ಅರೆವಾಹಕ ಪುಡಿಗಳ ಈ ದಾರಿಯಲ್ಲಿ ಸಿಗುವ ಇಂಧನ ಅತ್ಯಲ್ಪ. ಪುಡಿಗೆ ಅಂಟಿಕೊಂಡ ಕೊಳೆಯಲ್ಲೂ ಇಂಗಾಲವಿರುವುದರಿಂದ, ಹುಟ್ಟಿದ ಮೆಥನಾಲ್ ಆ ಕೊಳೆಯದೇ ಆಗಿರಬಹುದು. ಅದಕ್ಕೇ ಇಂಗಾಲದ ಭಾರವಾದ ರೂಪವಾದ ಇಂಗಾಲ-13 ಇರುವ ಅನಿಲವನ್ನು ಹಾಯಿಸಿ, ಉತ್ಪನ್ನದಲ್ಲೂ ಅದೇ ಕಾಣುತ್ತದೆಯೇ ಎಂದು ನೋಡುತ್ತಾರೆ. ಈ ಪರೀಕ್ಷೆಯಿಲ್ಲದ ಫಲಿತಾಂಶವನ್ನು ನಂಬಲಾಗದು.

ಇನ್ನೊಂದು ದಾರಿ ಬಿಸಿಲಿನ ಕಾವಿನದು. ಇದರಲ್ಲಿ ಬಹಳ ಮುಂದೆ ಹೋದದ್ದು ಜ್ಯೂರಿಕ್‌ನ ಆಲ್ಡೊ ಸ್ಟೈನ್‌ಫೆಲ್ಡ್ ತಂಡ. ಕನ್ನಡಿಗಳಿಂದ ಒಟ್ಟುಗೂಡಿಸಿದ ಬಿಸಿಲು ರಂಧ್ರಮಯ ಸೀರಿಯಂ ಆಕ್ಸೈಡನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಅದು ಒಂದಿಷ್ಟು ಆಮ್ಲಜನಕ ಬಿಟ್ಟುಕೊಡುತ್ತದೆ. ಸುಮಾರು 900ಕ್ಕೆ ಇಳಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹಾಯಿಸಿದರೆ, ಕಳೆದುಕೊಂಡ ಆಮ್ಲಜನಕವನ್ನು ಅವುಗಳಿಂದ ಕಿತ್ತುಕೊಳ್ಳುತ್ತದೆ. ಉಳಿಯುವುದು ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಜನ್. ಜರ್ಮನಿಯಲ್ಲಿ 1920ರ ದಶಕದಲ್ಲಿ ಬೆಳೆದ ಫಿಷರ್-ಟ್ರಾಪ್ಶ್ ವಿಧಾನದಿಂದ ಈ ಮಿಶ್ರಣ ದ್ರವ ಇಂಧನವಾಗುತ್ತದೆ.

2019ರಲ್ಲಿ ಈ ತಂಡ ಜ್ಯೂರಿಕ್‌ನ ತಾರಸಿಯೊಂದರ ಮೇಲೆ ಗಾಳಿಯಿಂದಲೇ ಹೀರಿದ ಅನಿಲದಿಂದ ಇಂಧನ ಮಾಡಿ ತೋರಿಸಿತು. ಸ್ಪೇನಿನ ಮೋಸ್ತೊಲೆಸ್‌ನಲ್ಲಿ 169 ಕನ್ನಡಿಗಳ ಗೋಪುರ ಸ್ಥಾವರದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬಿದ್ದ ಬಿಸಿಲಿನ ಶೇ 4.1ರಷ್ಟು ಶಕ್ತಿ ಅನಿಲ ಮಿಶ್ರಣಕ್ಕೆ ಇಳಿದಿತ್ತು. ಕಾಯಿಸಿ ತಣಿಸುವ ನಡುವೆ ಪೋಲಾಗುವ ಶಾಖವನ್ನು ಮರಳಿ ಪಡೆದರೆ ಈ ಪ್ರಮಾಣ ಏರುತ್ತದೆ. ಇದೇ ಸಂಶೋಧನೆಯಿಂದ ಹುಟ್ಟಿದ ಸಿನ್‌ಹೀಲಿಯನ್ ಕಂಪನಿ 2024ರಲ್ಲಿ ಜರ್ಮನಿಯ ಯೂಲಿಶ್‌ನಲ್ಲಿ ಸ್ಥಾವರ ತೆರೆಯಿತು. ಆದರೆ ಅಲ್ಲಿ ಬಿಸಿಲಿನ ಕಾವಿನ ಜೊತೆಗೆ ಜೈವಿಕ ಅನಿಲದ ಮೀಥೇನೂ ಬೇಕು.