ಹೊಳೆ ದಾಟಿದ ಮೇಲೆ: ಜಾನ್ ನ್ಯೂಟನ್‌ನ ಮಾರ್ಚ್ 21

ಈ ಸಲ ಒಂದು ಗಾದೆಯಿಂದ ಶುರು ಮಾಡ್ತೀನಿ. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?" ಅಂಬಿಗ ಅಂದ್ರೆ ದೋಣಿ ನಡೆಸುವವನು. ಹಂಗು ಅಂದ್ರೆ ಇನ್ನೊಬ್ಬರ ಉಪಕಾರದ ಭಾರ. ಆಚೆ ದಡ ಸಿಗೋವರೆಗೂ ಅಂಬಿಗನ ಮುಖ ನೋಡ್ತಾ ಕೂತಿರ್ತೀವಿ, ಕಾಲು ನೆಲಕ್ಕೆ ತಾಗಿದ್ದೇ ತಡ, ಅವನು ಯಾರೋ ನಾವು ಯಾರೋ. ದೇಶ ಬಿಟ್ಟು ಬಂದಿರೋ ನಮ್ಮಂಥವರಿಗೆ ಈ ಗಾದೆ ಸ್ವಲ್ಪ ಚುಚ್ಚುತ್ತೆ. ನಾವೆಲ್ಲ ಯಾರದೋ ದೋಣಿಯಲ್ಲಿ ಕೂತೇ ಹೊಳೆ ದಾಟಿದವರು.

ನಮ್ಮ ಅಜ್ಜಿ ಮಂಗಳೂರಿನವರು. ಡಿಸೆಂಬರ್ 31ರ ರಾತ್ರಿ ಚರ್ಚಿಗೆ ಹೊರಡೋ ಮೊದಲು ಮೊಮ್ಮಕ್ಕಳನ್ನೆಲ್ಲ ಚಾಪೆ ಮೇಲೆ ಕೂರಿಸಿ, ಆ ವರ್ಷ ದೇವರು ಏನೇನು ಮಾಡಿದ ಅಂತ ಒಬ್ಬೊಬ್ಬರ ಬಾಯಲ್ಲೂ ಹೇಳಿಸ್ತಿದ್ದರು. "ಬೇಡೋದು ಆಮೇಲೆ, ಮೊದಲು ಲೆಕ್ಕ ಒಪ್ಪಿಸಿ" ಅನ್ನೋರು. ನಮಗೋ ನಿದ್ದೆ. ಜ್ವರ ವಾಸಿ ಆಯ್ತು, ಪರೀಕ್ಷೆ ಪಾಸಾಯ್ತು ಅಂತ ಎರಡು ಮಾತು ಹೇಳಿ ಮುಗಿಸ್ತಿದ್ವಿ. ಉಪಕಾರ ಸ್ಮರಣೆ ಅನ್ನೋದು ಕ್ರೈಸ್ತ ಜೀವನದಲ್ಲಿ ಬೆಳೆಯೋಕೆ ಒಂದು ದಾರಿ ಅಂತ ಆಗ ಗೊತ್ತಿರಲಿಲ್ಲ. ಆ ದಾರಿಯಲ್ಲಿ ಎಡವೋದೂ ಇದೆ ಅಂತ ಗೊತ್ತಾಗಿದ್ದು ಇಂಗ್ಲೆಂಡಿಗೆ ಬಂದ ಮೇಲೆ, ಓಲ್ನಿ ಅನ್ನೋ ಪುಟ್ಟ ಊರಿನಲ್ಲಿ.

ಓಲ್ನಿ ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿದೆ, ಮಿಲ್ಟನ್ ಕೀನ್ಸ್‌ಗೆ ಹತ್ತಿರ. ಅಲ್ಲಿನ ಚರ್ಚಿನ ಅಂಗಳದಲ್ಲಿ ಜಾನ್ ನ್ಯೂಟನ್‌ನ ಸಮಾಧಿ ಇದೆ. 'ಅಮೇಜಿಂಗ್ ಗ್ರೇಸ್' ಹಾಡು ನೀವು ಎಲ್ಲಾದರೂ ಕೇಳಿರ್ತೀರಿ. ಅದನ್ನು ಬರೆದವನು ಇವನೇ. ಹೋದ ವಸಂತದಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಹನ್ನೆರಡು ವರ್ಷ. ದಾರಿಯುದ್ದಕ್ಕೂ ನ್ಯೂಟನ್ ಕಥೆ ಹೇಳಿದೆ. ನಿಮಗೂ ಅದನ್ನೇ ಹೇಳ್ತೀನಿ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್‌ನಲ್ಲಿ. ಅಪ್ಪ ಹಡಗಿನ ನಾಯಕ. ಅಮ್ಮ ಎಲಿಜಬೆತ್ ಮಗನಿಗೆ ಓದು ಕಲಿಸಿ, ಬೈಬಲಿನ ಮಾತುಗಳನ್ನು ಬಾಯಿಪಾಠ ಮಾಡಿಸಿದಳು. ಅವನಿಗೆ ಏಳು ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೇ ವಯಸ್ಸಿಗೆ ಹುಡುಗ ಅಪ್ಪನ ಜೊತೆ ಕಡಲಿಗೆ ಇಳಿದ. 1744ರಲ್ಲಿ ನೌಕಾಪಡೆಯವರು ಬಲವಂತವಾಗಿ ಹಿಡಿದು ಹಾರ್ವಿಚ್ ಅನ್ನೋ ಯುದ್ಧನೌಕೆಗೆ ಹಾಕಿದರು. ಓಡಿಹೋಗಿ ಸಿಕ್ಕಿಬಿದ್ದು, ಚಾವಟಿ ಏಟು ತಿಂದು, ಇದ್ದ ಪದವಿಯನ್ನೂ ಕಳೆದುಕೊಂಡ. ಆಮೇಲೆ ಗುಲಾಮರನ್ನು ಸಾಗಿಸುವ ಹಡಗು ಸೇರಿ ಪಶ್ಚಿಮ ಆಫ್ರಿಕಾ ತಲುಪಿದ. ಸಿಯೆರಾ ಲಿಯೋನ್ ಕಡೆಯ ದ್ವೀಪವೊಂದರಲ್ಲಿ ಗುಲಾಮ ವ್ಯಾಪಾರಿಯ ಮನೆಯಲ್ಲಿ ಆಳಿಗಿಂತ ಕಡೆಯಾಗಿ ಬಿದ್ದಿದ್ದ. ಹೊಟ್ಟೆಗೆ ಇಲ್ಲ, ಮೈಗೆ ಬಟ್ಟೆ ಇಲ್ಲ, ಮೇಲೆ ಜ್ವರ. ಅಪ್ಪ ತನ್ನ ಪರಿಚಯದವರ ಮೂಲಕ ಹುಡುಕಿಸಿದ್ದರಿಂದ ಗ್ರೇಹೌಂಡ್ ಅನ್ನೋ ಹಡಗು ಅವನನ್ನು ಹತ್ತಿಸಿಕೊಂಡಿತು.

ಆ ಹಡಗು ಊರಿಗೆ ಮರಳುವಾಗ, 1748ರ ಮಾರ್ಚಿನಲ್ಲಿ, ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದಿತು. ನಡುರಾತ್ರಿ ಹಡಗಿನ ಒಂದು ಬದಿ ಒಡೆದು ನೀರು ನುಗ್ಗಿತು. ನ್ಯೂಟನ್ ಮೇಲಕ್ಕೆ ಹತ್ತಲು ಹೊರಟಿದ್ದ. ನಾಯಕ ಒಂದು ಚಾಕು ತರಲು ಹೇಳಿದ್ದರಿಂದ ವಾಪಸ್ ಹೋದ. ಅವನ ಬದಲು ಹತ್ತಿದವನನ್ನು ಅಲೆ ಎಳೆದುಕೊಂಡು ಹೋಯಿತು. ಗಂಟೆಗಟ್ಟಲೆ ಪಂಪಿನಿಂದ ನೀರು ಎತ್ತಿ ಹಾಕ್ತಾ, ಇದೂ ಸಾಗದಿದ್ದರೆ ದೇವರೇ ಕರುಣೆ ತೋರಿಸಬೇಕು ಅಂದುಬಿಟ್ಟ. ದೇವರ ಹೆಸರೆತ್ತಿದರೆ ಗೇಲಿ ಮಾಡುತ್ತಿದ್ದವನು ಅವನು. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದ. ನನಗೆಲ್ಲಿಯ ಕರುಣೆ?

ಹಡಗಿನಲ್ಲಿ ಜೇನುಮೇಣ ಮತ್ತು ಹಗುರ ಮರದ ಸರಕು ಇದ್ದದ್ದರಿಂದ ಮುಳುಗಲಿಲ್ಲ. ಸುಮಾರು ನಾಲ್ಕು ವಾರ ತೇಲಿಕೊಂಡು ಏಪ್ರಿಲ್ 8ಕ್ಕೆ ಐರ್ಲೆಂಡಿನ ದಡ ಸೇರಿತು.

ಬಿರುಗಾಳಿಯ ದಿನ ಹಳೆಯ ಕ್ಯಾಲೆಂಡರ್ ಪ್ರಕಾರ ಮಾರ್ಚ್ 10. 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿದ ಮೇಲೆ ಅದು ಮಾರ್ಚ್ 21 ಆಯಿತು. ಆ ದಿನವನ್ನು ನ್ಯೂಟನ್ ಬದುಕಿರುವವರೆಗೂ ಬಿಡದೆ ಆಚರಿಸಿದ. ಆ ದಿನ ಹಿಂತಿರುಗಿ ನೋಡುತ್ತಿದ್ದ, ಕೃತಜ್ಞತೆ ಹೇಳುತ್ತಿದ್ದ, ತನ್ನ ತಪ್ಪುಗಳನ್ನು ಎಣಿಸುತ್ತಿದ್ದ. ಅವನ ದಿನಚರಿಯ ಕೊನೆಯ ಬರಹದ ತಾರೀಕು 1805ರ ಮಾರ್ಚ್ 21. ಆಗ ಅವನಿಗೆ 79 ವರ್ಷ, ಕಣ್ಣು ಮಂಜಾಗಿತ್ತು.

ಕನ್ನಡ ಕಲಿಯುತ್ತಿರುವವರಿಗೆ ಇಲ್ಲೊಂದು ಮಾತು. 'ನೆನೆ' ಅನ್ನೋ ಪದಕ್ಕೆ ಎರಡು ಅರ್ಥ. ಮಳೆಯಲ್ಲಿ ನೆನೆದ ಅಂದ್ರೆ ಒದ್ದೆಯಾದ. ಅಮ್ಮನನ್ನು ನೆನೆದ ಅಂದ್ರೆ ನೆನಪು ಮಾಡಿಕೊಂಡ. ರಾತ್ರಿ ಕಡಲೆ ನೆನೆಹಾಕಿ ಬೆಳಿಗ್ಗೆ ನೋಡಿ, ನೀರು ಒಳಗಿಳಿದು ಕಾಳು ಉಬ್ಬಿರುತ್ತೆ. ನೆನಪೂ ಹಾಗೇ ಅಂತ ನನಗೆ ಅನ್ಸುತ್ತೆ. ಒಂದೇ ಸಲಕ್ಕೆ ಒಳಗೆ ಇಳಿಯಲ್ಲ, ಬಹಳ ಹೊತ್ತು ಬೇಕು. ನ್ಯೂಟನ್ ವಿಷಯದಲ್ಲಿ ನಲವತ್ತು ವರ್ಷ ಬೇಕಾಯಿತು.

ಯಾಕಂದ್ರೆ ಕಥೆಯನ್ನು ಸಾಮಾನ್ಯವಾಗಿ ಹೇಳೋದು ಹೀಗೆ: ಗುಲಾಮ ವ್ಯಾಪಾರಿ ಬಿರುಗಾಳಿಗೆ ಸಿಕ್ಕ, ದೇವರನ್ನು ಕಂಡ, ಆ ಕೆಲಸ ಬಿಟ್ಟ, ಹಾಡು ಬರೆದ. ಕೇಳೋಕೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಬಿರುಗಾಳಿಯಿಂದ ಪಾರಾದ ವರ್ಷವೇ ನ್ಯೂಟನ್ ಮತ್ತೆ ಗುಲಾಮರ ಹಡಗು ಹತ್ತಿದ, ಈ ಸಲ ಅಧಿಕಾರಿಯಾಗಿ. 1750ರಲ್ಲಿ ತಾನು ಪ್ರೀತಿಸಿದ ಮೇರಿ ಕ್ಯಾಟ್ಲೆಟ್‌ಳನ್ನು ಮದುವೆಯಾದ. ಅದೇ ವರ್ಷ ಡ್ಯೂಕ್ ಆಫ್ ಆರ್ಗೈಲ್ ಹಡಗಿನ ನಾಯಕನಾದ. 1754ರ ಒಳಗೆ ನಾಯಕನಾಗಿ ಮೂರು ಯಾನ ಮುಗಿಸಿದ. ಲಿವರ್‌ಪೂಲ್‌ನಿಂದ ಆಫ್ರಿಕಾ, ಅಲ್ಲಿಂದ ಮನುಷ್ಯರನ್ನು ತುಂಬಿಕೊಂಡು ವೆಸ್ಟ್ ಇಂಡೀಸ್. ಹಡಗಿನ ಮೇಲೆ ನಾವಿಕರನ್ನು ಸೇರಿಸಿ ಭಾನುವಾರದ ಆರಾಧನೆ ನಡೆಸುತ್ತಿದ್ದ, ಬೈಬಲ್ ಓದುತ್ತಿದ್ದ, ಹೆಂಡತಿಗೆ ಭಕ್ತಿ ತುಂಬಿದ ಕಾಗದ ಬರೆಯುತ್ತಿದ್ದ. ಕಾಲಡಿಯ ಹಲಗೆಯ ಕೆಳಗೆ ಜನ ಸರಪಳಿಯಲ್ಲಿದ್ದರು. ದಂಗೆಯ ಅನುಮಾನ ಬಂದಾಗ ಹುಡುಗರ ಬೆರಳನ್ನು ಇಕ್ಕಳದಂಥ ಉಪಕರಣದಲ್ಲಿ ಹಿಡಿಸಿ ಬಾಯಿ ಬಿಡಿಸಿದ್ದನ್ನು ಅವನೇ ಹಡಗಿನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಕಾರಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಮಗಳು ಕೇಳಿದಳು: "ಅಪ್ಪಾ, ಅವನು ಮಾರ್ಚ್ 21 ನೆನಪಿಟ್ಕೊಂಡ. ಕೆಳಗಡೆ ಇದ್ದೋರು ಯಾವ ಡೇಟ್ ನೆನಪಿಟ್ಕೊಂಡ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಜನರ ಹೆಸರು ಕೂಡ ನಮಗೆ ಸಿಕ್ಕಿಲ್ಲ. ನಾಯಕರು ಅವರಿಗೆ ಸಂಖ್ಯೆ ಕೊಡುತ್ತಿದ್ದರು.

ನ್ಯೂಟನ್ ಹಡಗು ಬಿಟ್ಟದ್ದು ಪಶ್ಚಾತ್ತಾಪದಿಂದಲ್ಲ. 1754ರಲ್ಲಿ ಇನ್ನೊಂದು ಯಾನಕ್ಕೆ ಸಿದ್ಧವಾಗಿದ್ದಾಗ ಮೂರ್ಛೆ ಬಂದು ಬಿದ್ದ. ವೈದ್ಯರು ಬೇಡ ಅಂದರು. ಆಮೇಲೆ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದು, 1764ರಲ್ಲಿ ದೀಕ್ಷೆ ಪಡೆದು ಓಲ್ನಿಗೆ ಬಂದ. ಅದೇ ವರ್ಷ ತನ್ನ ಬದುಕಿನ ಕಥೆಯನ್ನೂ ಪ್ರಕಟಿಸಿದ. ಗುಲಾಮ ವ್ಯಾಪಾರ ಮಾಡುತ್ತಿದ್ದಾಗ ಅದು ತಪ್ಪು ಅಂತ ತನಗೆ ಅನಿಸಿಯೇ ಇರಲಿಲ್ಲ, ದೇವರು ಕೊಟ್ಟ ಉದ್ಯೋಗ ಅಂದುಕೊಂಡಿದ್ದೆ ಅಂತ ಅದರಲ್ಲಿ ಬರೆದ.

ಓಲ್ನಿಯ ಪಾದ್ರಿ ಮನೆಯಲ್ಲಿ ಅವನು ಓದುವ ಕೋಣೆಯಲ್ಲಿ, ಅಗ್ಗಿಷ್ಟಿಕೆಯ ಮೇಲಿನ ಗೋಡೆಗೆ ಬೈಬಲಿನ ಎರಡು ವಚನ ಬರೆಸಿದ್ದ. ಮೊದಲನೆಯದು ಯೆಶಾಯ 43:4ರದು. ನೀನು ನನಗೆ ಅಮೂಲ್ಯ, ಅದಕ್ಕೇ ನಿನಗೆ ಈ ಮಾನ ಅನ್ನೋ ಅರ್ಥದ್ದು. ಎರಡನೆಯದಕ್ಕೆ ಹೋಗೋ ಮುಂಚೆ ದೊಡ್ಡದಾಗಿ 'ಆದರೆ' ಅನ್ನೋ ಪದ. ಆಮೇಲೆ ಧರ್ಮೋಪದೇಶಕಾಂಡ 15:15. ಐಗುಪ್ತದಲ್ಲಿ ನೀನೂ ದಾಸನಾಗಿದ್ದೆ, ದೇವರು ಬಿಡಿಸಿದ, ಅದನ್ನು ಮರೆಯಬೇಡ ಅನ್ನೋ ಆಜ್ಞೆ. ಮಾನ ಸಿಕ್ಕವನು ತಲೆ ಎತ್ತಿದಾಗಲೆಲ್ಲ ಆ 'ಆದರೆ' ಕಣ್ಣಿಗೆ ಬೀಳಲಿ ಅಂತ ಇದ್ದಿರಬೇಕು.

ಆ ಎರಡನೆಯ ವಚನದ ಹಿಂದುಮುಂದು ಓದಿ ನೋಡಿ. ಅಲ್ಲಿ ಮಾತು ಬರೋದು ದಾಸರ ಬಿಡುಗಡೆಯ ಬಗ್ಗೆ! ಆರು ವರ್ಷ ದುಡಿದವನನ್ನು ಏಳನೇ ವರ್ಷ ಬಿಟ್ಟು ಕಳುಹಿಸು, ಬರಿಗೈಯಲ್ಲಿ ಕಳುಹಿಸಬೇಡ, ಕುರಿ ಕಾಳು ದ್ರಾಕ್ಷಾರಸ ಕೊಟ್ಟು ಕಳುಹಿಸು; ಯಾಕಂದ್ರೆ ನೀನೂ ಒಂದು ಕಾಲಕ್ಕೆ ದಾಸನಾಗಿದ್ದೆ. ನೆನಪು ಮಾಡಿಕೊಳ್ಳೋದು ಬರೀ ಮನಸ್ಸಿನ ಕೆಲಸ ಅಲ್ಲ, ಅದು ಕೈಯವರೆಗೂ ಇಳಿಯಬೇಕು ಅನ್ನೋದೇ ಅಲ್ಲಿನ ನಿಯಮ. ಈ ಮಾತು ದಿನಾ ಗೋಡೆ ಮೇಲೆ ಕಾಣ್ತಾ ಇದ್ದರೂ, ಓಲ್ನಿಯಲ್ಲಿದ್ದ ವರ್ಷಗಳಲ್ಲಿ ನ್ಯೂಟನ್ ಗುಲಾಮ ವ್ಯಾಪಾರದ ವಿರುದ್ಧ ಒಂದು ಪುಸ್ತಕವನ್ನೂ ಪ್ರಕಟಿಸಲಿಲ್ಲ.

ಹಾಡು ಹುಟ್ಟಿದ್ದು ಆ ವರ್ಷಗಳಲ್ಲೇ. 1773ರ ಜನವರಿ 1, ಹೊಸ ವರ್ಷದ ಆರಾಧನೆ. ಅವತ್ತಿನ ಪ್ರಸಂಗಕ್ಕೆ ಅವನು ಆರಿಸಿಕೊಂಡದ್ದು 1 ಪೂರ್ವಕಾಲವೃತ್ತಾಂತ 17:16-17. ಅರಸ ದಾವೀದ ದೇವರ ಸನ್ನಿಧಿಯಲ್ಲಿ ಕೂತು, ನನ್ನನ್ನು ಇಲ್ಲಿವರೆಗೆ ತರೋಕೆ ನಾನು ಎಷ್ಟರವನು ಅಂತ ಕೇಳುವ ಜಾಗ ಅದು. ಓಲ್ನಿಯ ಜನರಲ್ಲಿ ಬಹಳ ಮಂದಿ ಬಡವರು, ಲೇಸ್ ಹೆಣೆದು ಹೊಟ್ಟೆ ಹೊರೆಯುವವರು. ಅವರಿಗೆ ಅರ್ಥವಾಗಲಿ ಅಂತ ಸರಳ ಪದಗಳಲ್ಲಿ ಹಾಡು ಬರೆದ. 1779ರಲ್ಲಿ 'ಓಲ್ನಿ ಹಿಮ್ಸ್' ಅಂತ 348 ಹಾಡುಗಳ ಪುಸ್ತಕ ಬಂತು. ಈ ಹಾಡೂ ಅದರಲ್ಲಿ ಸೇರಿತು. ಇವತ್ತು ನಾವು ಕೇಳೋ ರಾಗ ಅದಕ್ಕೆ ಜೊತೆಯಾಗಿದ್ದು 1835ರಲ್ಲಿ, ಅಮೆರಿಕದಲ್ಲಿ, ವಿಲಿಯಂ ವಾಕರ್‌ನ ಸಂಗ್ರಹದಲ್ಲಿ.

ಆ ಪುಸ್ತಕದಲ್ಲಿ ಇನ್ನೊಬ್ಬ ಕವಿ ಇದ್ದಾನೆ, ನ್ಯೂಟನ್‌ನ ಗೆಳೆಯ ವಿಲಿಯಂ ಕೂಪರ್. ಕೃಪೆಯ ಹಾಡು ಹುಟ್ಟಿದ ಅದೇ ಜನವರಿಯಲ್ಲಿ ಕೂಪರ್ ತೀವ್ರ ಖಿನ್ನತೆಗೆ ಬಿದ್ದ. ದೇವರು ತನ್ನನ್ನು ಕೈಬಿಟ್ಟಿದ್ದಾನೆ ಅಂತ ಅವನಿಗೆ ಖಚಿತವಾಗಿಬಿಟ್ಟಿತು, ಎಷ್ಟು ಹೇಳಿದರೂ ಆ ನಂಬಿಕೆ ಹೋಗಲಿಲ್ಲ. ನ್ಯೂಟನ್ ದಂಪತಿ ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಕೃಪೆಯನ್ನು ನೆನೆಯೋ ಶಕ್ತಿ ಎಲ್ಲರಿಗೂ ಎಲ್ಲ ಕಾಲಕ್ಕೂ ಇರಲ್ಲ. ಅಂಥ ಹೊತ್ತಲ್ಲಿ ಪಕ್ಕದಲ್ಲಿ ಕೂತವರು ಅವರ ಪರವಾಗಿ ನೆನೆಯಬೇಕಾಗುತ್ತೆ.

1780ರಲ್ಲಿ ನ್ಯೂಟನ್ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ ಹೋದ. 1785ರ ಡಿಸೆಂಬರಿನಲ್ಲಿ ಸಂಸತ್ತಿನ ಯುವ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್ ಅವನನ್ನು ನೋಡಲು ಬಂದ. ರಾಜಕೀಯ ಬಿಟ್ಟುಬಿಡಲೇ ಅನ್ನೋ ಗೊಂದಲ ಅವನಿಗೆ. ಬಿಡಬೇಡ, ಅಲ್ಲೇ ಇದ್ದು ಕೆಲಸ ಮಾಡು ಅಂದ ನ್ಯೂಟನ್. ವಿಲ್ಬರ್‌ಫೋರ್ಸ್ ಗುಲಾಮ ವ್ಯಾಪಾರದ ವಿರುದ್ಧದ ಹೋರಾಟಕ್ಕೆ ಇಳಿದ.

1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಕ್ಕೆ, ನ್ಯೂಟನ್ ಆಫ್ರಿಕಾದ ಗುಲಾಮ ವ್ಯಾಪಾರದ ಬಗ್ಗೆ ಒಂದು ಕಿರುಪುಸ್ತಕ ಪ್ರಕಟಿಸಿದ. ಈ ತಪ್ಪೊಪ್ಪಿಗೆ ತಡವಾಗಿ ಬಂದಿದೆ, ಒಂದು ಕಾಲದಲ್ಲಿ ಇದರಲ್ಲಿ ನಾನೂ ಕೈಯಾಡಿಸಿದ್ದೆ ಅನ್ನೋ ನಾಚಿಕೆ ಸಾಯುವವರೆಗೂ ಇರುತ್ತೆ ಅಂತ ಬಿಚ್ಚಿ ಹೇಳಿಕೊಂಡ. ಹಡಗಿನ ಕೆಳಗೆ ಜನರನ್ನು ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಒತ್ತೊತ್ತಾಗಿ ಮಲಗಿಸುತ್ತಿದ್ದದ್ದು, ಸರಪಳಿ, ಚಾವಟಿ, ಹೆಂಗಸರ ಮೇಲಿನ ಅತ್ಯಾಚಾರ, ಎಲ್ಲವನ್ನೂ ಬರೆದ. ಅದೇ ವರ್ಷ ಪ್ರಿವಿ ಕೌನ್ಸಿಲ್ ಮುಂದೆ, 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಈ ಸಾಕ್ಷಿ ಕೇಳಿದ ಕತೆ ಅಲ್ಲ, ತಾನೇ ಮಾಡಿದ್ದು. ಅದಕ್ಕೇ ಅದಕ್ಕೆ ಅಷ್ಟು ತೂಕ.

ಇದನ್ನು ನಾನು ಹೀಗೆ ಅರ್ಥ ಮಾಡಿಕೊಳ್ತೀನಿ. ಮೊದಲ ವರ್ಷಗಳಲ್ಲಿ ನ್ಯೂಟನ್ ನೆನಪು ಮಾಡಿಕೊಂಡದ್ದು ತನಗೆ ಸಿಕ್ಕ ಕೃಪೆಯನ್ನು ಮಾತ್ರ. ನಾನು ಮುಳುಗ್ತಿದ್ದೆ, ದೇವರು ಎತ್ತಿದ. ಅದು ಸುಳ್ಳಲ್ಲ, ಆದರೆ ಅದರಲ್ಲಿ ಅವನೊಬ್ಬನೇ ಇದ್ದ. ವರ್ಷ ವರ್ಷ ಮತ್ತೆ ಅದೇ ದಿನಕ್ಕೆ ಹೋಗ್ತಾ ಹೋಗ್ತಾ ನೆನಪು ಹಲಗೆಯ ಕೆಳಗೂ ಇಳಿಯಿತು. ತನ್ನನ್ನು ಕ್ಷಮಿಸಲಾಗಿದೆ ಅಂತ ಗಟ್ಟಿಯಾಗಿ ನಂಬಿದ್ದರಿಂದಲೇ, ಏನನ್ನು ಕ್ಷಮಿಸಲಾಗಿದೆ ಅಂತ ನೋಡೋಕೆ ಧೈರ್ಯ ಬಂತು ಅನ್ಸುತ್ತೆ. ಆದರೂ ಆ ನಲವತ್ತು ವರ್ಷದ ಬೆಲೆ ತೆತ್ತವರು ಬೇರೆಯವರು. ಅದನ್ನು ಮುಚ್ಚಿಟ್ಟು ಹಾಡನ್ನಷ್ಟೇ ಹೊಗಳೋಕೆ ನನಗೆ ಮನಸ್ಸು ಬರಲ್ಲ.

1807ರ ಮಾರ್ಚ್ 25ರಂದು ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿತು. ನ್ಯೂಟನ್ ಆ ಸುದ್ದಿ ಬರುವವರೆಗೂ ಬದುಕಿದ್ದ, ಅದೇ ವರ್ಷ ಡಿಸೆಂಬರ್ 21ಕ್ಕೆ ತೀರಿಕೊಂಡ. ಕೊನೆಗಾಲದಲ್ಲಿ ನೆನಪು ಕೈಕೊಟ್ಟಿತ್ತು. ತಾನು ದೊಡ್ಡ ಪಾಪಿ, ಕ್ರಿಸ್ತ ದೊಡ್ಡ ರಕ್ಷಕ ಅನ್ನೋ ಎರಡು ಮಾತು ಮಾತ್ರ ಮರೆತಿಲ್ಲ ಅಂತ ಬಂದವರ ಹತ್ತಿರ ಹೇಳಿದನಂತೆ. 1893ರಲ್ಲಿ ಅವನ ಮತ್ತು ಮೇರಿಯ ಅಸ್ಥಿಗಳನ್ನು ಲಂಡನ್ನಿನಿಂದ ಓಲ್ನಿಗೆ ತಂದು ಮಣ್ಣು ಮಾಡಿದರು.

ಹಾಡು ಕಡಲು ದಾಟಿ ಹೋಯಿತು. 1852ರಲ್ಲಿ ಬಂದ ಹ್ಯಾರಿಯೆಟ್ ಬೀಚರ್ ಸ್ಟೋ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯಲ್ಲಿ ಗುಲಾಮನಾದ ಟಾಮ್ ಇದನ್ನು ಹಾಡ್ತಾನೆ, ನ್ಯೂಟನ್ ಬರೆಯದ ಒಂದು ಚರಣವನ್ನೂ ಸೇರಿಸಿ. ಇವತ್ತು ಬಹಳ ಚರ್ಚುಗಳಲ್ಲಿ ಆ ಚರಣದಿಂದಲೇ ಹಾಡು ಮುಗಿಯುತ್ತೆ.

ಸಮಾಧಿಯ ಮೇಲಿನ ಬರಹವನ್ನು ನ್ಯೂಟನ್ ತಾನೇ ಮೊದಲೇ ಬರೆದಿಟ್ಟಿದ್ದ. ಮಗಳು ಅದನ್ನು ಓದಿ ಮುಗಿಸಿ ಸುಮ್ಮನೆ ನಿಂತಳು. ಆಮೇಲೆ, "ಆಫ್ರಿಕಾದಲ್ಲಿ ಗುಲಾಮರ ಸೇವಕ ಆಗಿದ್ದೆ ಅಂತ ಬರೆದಿದ್ದಾನೆ, ಕ್ಯಾಪ್ಟನ್ ಆಗಿದ್ದೆ ಅಂತ ಬರೆದಿಲ್ಲ ಅಲ್ವಾ?" ಅಂದಳು. ಹೌದು. ಅಷ್ಟು ನೆನೆದವನಿಗೂ ಕಲ್ಲಿನ ಮೇಲೆ ಒಂದು ಪದ ಬಿಟ್ಟುಹೋಗಿದೆ.

ಈ ವರ್ಷ ಡಿಸೆಂಬರ್ 31ಕ್ಕೆ ನಮ್ಮ ಮನೆಯಲ್ಲಿ ಅಜ್ಜಿಯ ಲೆಕ್ಕ ಮತ್ತೆ ಶುರು ಮಾಡೋಣ ಅಂತಿದ್ದೀವಿ. ದೇವರು ಏನು ಮಾಡಿದ ಅನ್ನೋದರ ಜೊತೆ, ಅದು ನಮಗೆ ಸಿಗೋಕೆ ಯಾರು ದುಡಿದರು, ನಮ್ಮಿಂದ ಯಾರಿಗೆ ನೋವಾಯ್ತು ಅನ್ನೋ ಎರಡು ಪ್ರಶ್ನೆ ಸೇರಿಸಬೇಕು ಅಂತ ಮಗಳ ಹಟ. ನಿಮ್ಮ ಮನೆಯಲ್ಲೂ ಇಂಥದ್ದೊಂದು ರೂಢಿ ಇದ್ದರೆ ನಮಗೆ ಬರೆದು ತಿಳಿಸಿ, ಕನ್ನಡದಲ್ಲಿ ತಪ್ಪಾದರೂ ಪರವಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.