ಅಂಗಡಿ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಅಂಗಡಿಯ ಚರಿತ್ರೆ ಬಹುಮಟ್ಟಿಗೆ ಉದ್ರಿಯ ಚರಿತ್ರೆ. ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ಈ ಎರೆನೆಲದಲ್ಲಿ ರೈತನ ಕೈಗೆ ರೊಕ್ಕ ಬರುವುದು ಸುಗ್ಗಿಯಲ್ಲಿ; ಮನೆಗೆ ಉಪ್ಪು, ಎಣ್ಣೆ, ಬಟ್ಟೆ ಬೇಕಾಗುವುದು ವರ್ಷವಿಡೀ. ನಡುವಿನ ತಿಂಗಳುಗಳನ್ನು ದಾಟಿಸುತ್ತಿದ್ದವನು ಅಂಗಡಿಕಾರ.

ವಿನಿಮಯ ಇಲ್ಲಿ ಬಹಳ ಹಳೆಯದು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಉತ್ಖನನಗಳಲ್ಲಿ ಬಣ್ಣದ ಕಲ್ಲಿನ ಮಣಿಗಳೂ ಶಂಖದ ವಸ್ತುಗಳೂ ದೊರೆತಿವೆ. ಕಡಲಿನಿಂದ ದೂರದ ಊರಿಗೆ ಶಂಖ ಬಂದದ್ದು ವ್ಯಾಪಾರದಿಂದಲೇ. ಮುಂದೆ ಹಳ್ಳಿಗರಿಗೆ ವಾರದ ಸಂತೆಯೇ ಪೇಟೆಯಾಗಿತ್ತು. ದಿನವೂ ತೆರೆದಿರುವ ಅಂಗಡಿಗೆ ನಿಶ್ಚಿತ ಸಂಬಳದ ಗಿರಾಕಿಗಳು ಬೇಕು. ಲಿಂಗಸುಗೂರಿನಲ್ಲಿ ಅಂಥವರಿದ್ದರು: ಅದು ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಛಾವಣಿ, 1905ರವರೆಗೆ ಜಿಲ್ಲಾ ಕೇಂದ್ರವೂ ಹೌದು. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಕಾರ್ಮಿಕರ ಪಗಾರವೇ ಪೇಟೆಯನ್ನು ಬೆಳೆಸಿತು.

ನಿಜಾಮರ ಆಳ್ವಿಕೆಯಲ್ಲಿ ಅಂಗಡಿಕಾರನಿಗೆ ಎರಡು ನಾಣ್ಯಗಳ ಲೆಕ್ಕ ಗೊತ್ತಿರಬೇಕಿತ್ತು. ತುಂಗಭದ್ರೆಯಾಚೆ ಬಳ್ಳಾರಿಯಲ್ಲಿ ಬ್ರಿಟಿಷ್ ರೂಪಾಯಿ, ಈಚೆ ಹಾಲಿ ಸಿಕ್ಕಾ. ಅಲ್ಲಿನ ಆರು ಇಲ್ಲಿನ ಏಳಕ್ಕೆ ಸಮ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯದ ಭಾಗವಾಯಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಬಳಿಕ ಸೇರು, ತೊಲೆಗಳ ಜಾಗಕ್ಕೆ ಕಿಲೋ, ಗ್ರಾಂ ಬಂದವು. ಓದು ಬಾರದ ಗಿರಾಕಿ ಈ ಹೊಸ ಲೆಕ್ಕಕ್ಕೂ ಅಂಗಡಿಕಾರನ ಮಾತನ್ನೇ ನಂಬಬೇಕಾಯಿತು. ಖಾತೆ ಪುಸ್ತಕ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದಕ್ಕೂ ಅರಿಶಿನ ಕುಂಕುಮ. ಬರೆಯುವವನು ಒಬ್ಬನೇ, ತೀರಿಸುವವರು ಊರೆಲ್ಲ. ಅಂಗಡಿಕಾರನ ಅಧಿಕಾರದ ಮೂಲ ಇದೇ.

ಈ ಸೀಮೆಯನ್ನು ಕಾಲುವೆಯಷ್ಟು ಬದಲಾಯಿಸಿದ್ದು ಮತ್ತೊಂದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಪೂರ್ಣಗೊಂಡು, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ‘ಕ್ಯಾಂಪ್’ಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪ್‌ಗಳಾದವು. ಸಿಂಧನೂರಿನ ಪೇಟೆಯಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು, ಬಂಗಾಳಿ ಕೇಳತೊಡಗಿದವು. ರೈಸ್ ಮಿಲ್, ಟ್ರ್ಯಾಕ್ಟರ್ ಷೋರೂಮ್, ಬಿಡಿಭಾಗದ ಅಂಗಡಿಗಳು ಸಾಲುಗಟ್ಟಿದವು. ಉದ್ರಿಯ ಸ್ವರೂಪವೂ ಹಿಗ್ಗಿತು. ರೈತ ನಾಟಿಯ ಹೊತ್ತಿಗೆ ಗೊಬ್ಬರವನ್ನೂ ಬೆಳೆಗೆ ಹೊಡೆಯುವ ‘ಎಣ್ಣೆ’ಯನ್ನೂ ಅಂಗಡಿಯಿಂದ ಒಯ್ಯುತ್ತಾನೆ, ಕಟಾವಾದ ಮೇಲೆ ಬಡ್ಡಿಯೊಂದಿಗೆ ಲೆಕ್ಕ ಚುಕ್ತಾ. ಅಡತಿ ಅಂಗಡಿಯವರು ಸಾಲ ಕೊಟ್ಟಿದ್ದರೆ ಮಾಲು ಅವರಲ್ಲಿಗೇ ಹೋಗಬೇಕು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಪೇಟೆಯೂ ಒಣಗುತ್ತದೆ.

ಅಂಗಡಿಯ ಹೊಸ್ತಿಲು ಎಲ್ಲರಿಗೂ ಒಂದೇ ಆಗಿರಲಿಲ್ಲ. ದಲಿತರು ಹೊರಗೆ ನಿಂತು ಸಾಮಾನು ಕೇಳಬೇಕಿತ್ತು. ಚಹಾದಂಗಡಿಯಲ್ಲಿ ಅವರಿಗೆ ಬೇರೆ ಲೋಟ, ಕ್ಷೌರದಂಗಡಿಯಲ್ಲಿ ಪ್ರವೇಶವೇ ಇಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಈ ತಾರತಮ್ಯವನ್ನು ನಿಷೇಧಿಸಿದೆ. 1955ರ ಕಾಯ್ದೆ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ಗೊತ್ತುಪಡಿಸಿತು. ಗುರುತು ಕೇಳದ ಪಟ್ಟಣದ ಹೋಟೆಲುಗಳಲ್ಲಿ ಬದಲಾವಣೆ ಬೇಗ ಬಂತು. ಹಳ್ಳಿಗಳಲ್ಲಿ ಅದು ನಿಧಾನ, ಇನ್ನೂ ಪೂರ್ಣವಲ್ಲ. ಕಾನೂನು ಬಂದು ಇಷ್ಟು ದಶಕಗಳಾದ ಮೇಲೂ ಈ ಮಾತು ಬರೆಯಬೇಕಾಗಿರುವುದು ನೋವಿನ ಸಂಗತಿ.

ಹೆಂಗಸರು ಗಲ್ಲಾದ ಹಿಂದೆ ಕುಳಿತದ್ದು ಇತ್ತೀಚೆಗೆ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳ ಸಾಲ ಮನೆಯ ಮುಂದಿನ ಸಣ್ಣ ಕಿರಾಣಿ ಅಂಗಡಿಗಳಿಗೆ ಬಂಡವಾಳವಾಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ತಾಲ್ಲೂಕು ಪೇಟೆ ಅವರಿಗೆ ಇನ್ನಷ್ಟು ಹತ್ತಿರವಾಗಿದೆ.

ಮಸ್ಕಿ 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ತಾಲ್ಲೂಕು ಕಚೇರಿ ಬಂದಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿಗಳು ಹಿಂದೆಯೇ ಬರುತ್ತವೆ. ಚಹಾದಂಗಡಿಯಲ್ಲೂ ಈಗ ಮೊಬೈಲಿನಿಂದ ಹಣ ಸಂದಾಯವಾಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಮಾತ್ರ ರೈತನ ಲೆಕ್ಕ ಈಗಲೂ ಸುಗ್ಗಿಗೇ ತೀರುತ್ತದೆ.